ಬಜಪೆಯ ಹಲಸಿನ ನೆರಳು

ದಯಾನಂದಣ್ಣ ಯಾವ ಮನೆಗಾದರೂ ಮೊದಲು ಕೊಳೆ ಹಚ್ಚುತ್ತಿದ್ದರು. ಇನ್ನೂ ಕಟ್ಟದ ಮನೆಯನ್ನು ಕಟ್ಟಿ ಮುಗಿದಂತೆ ಕಂಪ್ಯೂಟರಿನಲ್ಲಿ ತೋರಿಸುವುದು ಮಂಗಳೂರು ಫಳ್ನೀರಿನ ನಮ್ಮ ಆಫೀಸಿನಲ್ಲಿ ಅವರ ಕೆಲಸ. ಊರಲ್ಲಿ ಅದಕ್ಕೆ ತ್ರೀಡಿ ಎನ್ನುತ್ತಾರೆ. ನಾನು ಪ್ಲಾನ್ ಬರೆಯುತ್ತಿದ್ದೆ. ಅದನ್ನು ಯಾರೂ ನೋಡುತ್ತಿರಲಿಲ್ಲ. ಅವರು ಪ್ಯಾರಪೆಟ್ಟಿನ ಕೆಳಗೆ ಪಾಚಿ ಎಳೆಯುತ್ತಿದ್ದರು, ಗೇಟಿಗೆ ತುಕ್ಕು ಹಿಡಿಸುತ್ತಿದ್ದರು.

"ಮಳೆ ಬೀಳದ ಮನೆಯನ್ನು ಮಂಗಳೂರಲ್ಲಿ ಯಾರು ನಂಬ್ತಾರೆ ಮಾರಾಯ?"

ಮನೆಯವರು ಬಂದು ಪಾಚಿ ತೆಗೆಸುತ್ತಿದ್ದರು. ಮುಂದಿನ ಮನೆಗೆ ಇವರು ಮತ್ತೆ ಹಚ್ಚುತ್ತಿದ್ದರು.

ಚಿತ್ರ ತಯಾರಾಗಲು ಕಂಪ್ಯೂಟರಿಗೆ ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಯಾರೂ ಮೌಸ್ ಮುಟ್ಟುವಂತಿಲ್ಲ. "ಬೇಯ್ತಾ ಉಂಟು. ಮುಚ್ಚಳ ತೆಗೀಬೇಡ." ಎನ್ನುತ್ತಿದ್ದರು ದಯಾನಂದಣ್ಣ. ಅವರದು ಮೀನುಗಾರರ ಮನೆ, ತಂದೆ ಆಕಾಶ ನೋಡಿ ದೋಣಿ ಇಳಿಸುತ್ತಿದ್ದರಂತೆ. ಮಗ ಆಕಾಶವನ್ನು ಫೋಲ್ಡರಿನಿಂದ ಆರಿಸುತ್ತಿದ್ದರು.

ಬಜಪೆಯ ಲತೀಫ್ ಗಲ್ಫಿನಲ್ಲಿ ಅಂಗಡಿ ಇಟ್ಟವರು. ಹೊಸ ಮನೆಗಾಗಿ ಅಂಗಳದ ಹಲಸಿನ ಮರ ಕಡಿಸಿದರು. ತಾಯಿ ಅವತ್ತೇ ಬಟ್ಟೆ ಕಟ್ಟಿಕೊಂಡು ಅತ್ತಾವರದ ಮಗಳ ಮನೆಗೆ ಹೋದರು. ಆ ಬೋಳು ಮನೆಗೆ ಕಾಲಿಡುವುದಿಲ್ಲ ಎಂದರು.

"ಒಂದು ತ್ರೀಡಿ ತೋರಿಸಿ ಉಮ್ಮನನ್ನು ಒಪ್ಪಿಸಿ ಕೊಡಿ" ಎಂದು ಲತೀಫ್ ನಮ್ಮಲ್ಲಿಗೆ ಬಂದರು.

"ಇಲ್ಲದ ಮರ ಹಾಕ್ಲಿಕ್ಕೆ ಆಗುದಿಲ್ಲ. ನೆರಳು ಹಾಕ್ಬಹುದು" ಎಂದರು ದಯಾನಂದಣ್ಣ.

ಚಿತ್ರದ ಅಂಚಿನಿಂದ ಆಚೆ, ಕಣ್ಣಿಗೆ ಬೀಳದಂತೆ ಒಂದು ಹಲಸು ನಿಲ್ಲಿಸಿದರು. ಹೊಸ ಮನೆಗೆ ಸೇರುವ ತಿಂಗಳ ಬೆಳಿಗ್ಗೆ ಹತ್ತರ ಸೂರ್ಯನನ್ನು ಅದರ ಹಿಂದೆ ಇಟ್ಟರು. ಎದುರಿನ ಗೋಡೆಗೆ ನೆರಳು ಬಿತ್ತು. ಇಲ್ಲದ ಮರಕ್ಕೂ ಅದರ ನೆರಳಿಗೂ ಇರುವ ವ್ಯತ್ಯಾಸ ಆಗ ನನಗೂ ಅರ್ಥವಾದ ಹಾಗಿತ್ತು. ಲತೀಫ್ ಪಾಚಿ ತೆಗೆಸಿದರು. ನೆರಳು ಉಳಿಯಿತು.

ಉಮ್ಮ ಪರದೆಯ ಮೇಲೆ ಬೆರಳಿಟ್ಟರು. "ಇದು ನಮ್ಮ ಹಲಸು." ಬರುತ್ತೇನೆ ಎಂದರು.

ಮನೆ ಕಟ್ಟಿ ಮುಗಿದಾಗ ಲತೀಫ್ ಅದೇ ಚಿತ್ರವನ್ನು ಪೇಂಟರಿಗೆ ವಾಟ್ಸಾಪ್ ಮಾಡಿ, ಒಂದು ಚೂರೂ ಬದಲಾಗಬಾರದು ಎಂದರು. ಪೇಂಟರ್ ಬದಲಾಯಿಸಲಿಲ್ಲ. ಕೆನೆಬಣ್ಣದ ಗೋಡೆಯ ಮೇಲೆ ಬೂದು ಬಣ್ಣದಲ್ಲಿ, ಒಂದು ಎಲೆಯನ್ನೂ ಬಿಡದೆ, ಹಲಸಿನ ನೆರಳು ಬರೆದ.

ಉಮ್ಮ ಬರುವ ದಿನ ಬೆಳಿಗ್ಗೆ ಲತೀಫ್ ಫೋನ್ ಮಾಡಿದರು. "ದಯಾನಂದಣ್ಣ, ಎಂತ ಮಾಡುದು? ಅಳಿಸಿದ್ರೆ ನೆರಳಿಲ್ಲ ಅಂತ ತಿರುಗಿ ಹೋಗ್ತಾರೆ. ಬಿಟ್ರೆ ಮೋಸ ಅಂತ ಹೋಗ್ತಾರೆ."

ಇಬ್ಬರೂ ಹೋದೆವು. ಆ ನೆರಳಿಗೆ ಮರ ಎಲ್ಲಿರಬೇಕಿತ್ತು ಎಂದು ದಯಾನಂದಣ್ಣ ಹಗ್ಗ ಹಿಡಿದು ಅಳೆದರು. ಗೇಟಿನಾಚೆ, ರಸ್ತೆಯ ನಡುವೆ.

"ಬಸ್ಸಿನವರು ಒಪ್ಪುದಿಲ್ಲ" ಎಂದರು.

ಉಮ್ಮ ಬೇಗ ಬಂದರು. ಅಂಗಳದಲ್ಲೇ ನಿಂತರು. "ಲತೀಫ, ಕಂಬದ ನೆರಳು ಆ ಕಡೆ, ಮರದ್ದು ಈ ಕಡೆ. ಇದೆಂತ?"

ಲತೀಫ್ ನಮ್ಮನ್ನು ನೋಡಿದರು. ದಯಾನಂದಣ್ಣ ಕುರ್ಚಿ ತಂದು ಗೋಡೆಗೆ ಎದುರಾಗಿ ಇಟ್ಟರು. "ಹತ್ತು ಗಂಟೆವರೆಗೆ ಕೂತ್ಕೊಳ್ಳಿ ಉಮ್ಮ."

"ಹತ್ತಕ್ಕೆ ಮರ ಬರ್ತದಾ?"

"ಬಿಸಿಲು ಬರ್ತದೆ."

ಕೂತರು. ಸ್ವಲ್ಪ ಹೊತ್ತಿಗೆ, "ಇನ್ನೆಷ್ಟು ಹೊತ್ತು?"

"ಬೇಯ್ತಾ ಉಂಟು."

ಬಿಸಿಲು ಮೇಲೇರಿತು. ಕಂಬದ ನೆರಳು, ಗೇಟಿನ ನೆರಳು, ನಮ್ಮ ನೆರಳು ನಿಧಾನಕ್ಕೆ ತಿರುಗಿ ಹಲಸಿನ ನೆರಳಿನ ಓರೆಗೆ ಬಂದು ನಿಂತವು. ಗೋಡೆ ಸರಿಯಾಯಿತು. ಆಗ ಉಮ್ಮ ಮರ ನೋಡಲು ಹಿಂದೆ ತಿರುಗಿದರು. ಉಮ್ಮನೇ ತಿರುಗಿದ್ದು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ತಿರುಗಿದ್ದು ದಯಾನಂದಣ್ಣ ಇರಬಹುದು. ಬೆಳಕನ್ನು ಬೇಕಾದಲ್ಲಿಗೆ ಬೀಳಿಸುವ ಕೆಲಸ ಅವರ ಪಕ್ಕ ಕೂತು ನನಗೂ ಸ್ವಲ್ಪ ಬರುತ್ತದೆ.

ಹಿಂದೆ ರಸ್ತೆ ಇತ್ತು. ಬಸ್ಸು ಹೋಯಿತು.

"ಇರ್ಲಿ, ಎಲೆ ಗುಡಿಸುವ ಕೆಲಸ ಇಲ್ಲ" ಎಂದು ಉಮ್ಮ ಎದ್ದು ಒಳಗೆ ಹೋದರು.

ಮುಂದಿನ ಮಳೆಗಾಲದಲ್ಲಿ ದಯಾನಂದಣ್ಣ ತೀರಿಕೊಂಡರು. ಈಚೆಗೆ ಬಜಪೆಗೆ ಹೋದಾಗ ಆ ಮನೆಯನ್ನು ನೋಡಿದೆ. ಪ್ಯಾರಪೆಟ್ಟಿನ ಕೆಳಗೆ ಪಾಚಿ ಬಂದಿದೆ. ಅವರು ಎಳೆದ ಜಾಗದಲ್ಲೇ ಬಂದಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಸ್ವಲ್ಪ ಎಡಕ್ಕೆ ಬಂದಿದೆ.