ಕಳಿಸಿದವರ ಹೆಸರು

ಇರ್ಬಿದ್ ಊರಿನ ಹಳೇ ಬಸ್ ನಿಲ್ದಾಣದ ಹಿಂದೆ ರಬಾಬಳ ಹೊಲಿಗೆ ಅಂಗಡಿ. ಆದರೆ ರಬಾಬ್ ಅಂದರೆ ಆ ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ಮಗ ನವ್ರಸ್ ಹುಟ್ಟಿದ ದಿನದಿಂದ ಆಕೆ ಉಮ್ ನವ್ರಸ್, ನವ್ರಸನ ತಾಯಿ. ಗಂಡ ಕರೆಯುವುದೂ ಹಾಗೆಯೇ. ಈ ಮೂವತ್ತೊಂದು ವರ್ಷಗಳಲ್ಲಿ ಹುಟ್ಟುಹೆಸರು ಗುರುತಿನ ಚೀಟಿಯಲ್ಲಷ್ಟೇ ಉಳಿದಿತ್ತು.

ಆ ಹೆಸರಿನಿಂದ ಬಾಯಿತುಂಬ ಕರೆಯುತ್ತಿದ್ದವಳು ಗೆಳತಿ ಸುಹೈರ್. ಹೊಲಿಗೆ ಶಾಲೆಯಲ್ಲಿ ಇಬ್ಬರಿಗೂ ಸೇರಿ ಒಂದೇ ಮಿಷನ್ನು. ಒಬ್ಬಳು ತುಳಿದರೆ ಇನ್ನೊಬ್ಬಳು ಬಟ್ಟೆ ಹಿಡಿಯುತ್ತಿದ್ದಳು. ಮದುವೆಯಾಗಿ ಸುಹೈರ್ ಲಿಬಿಯಾಕ್ಕೆ ಹೋದ ಮೇಲೆ ಸುದ್ದಿಯೇ ಇರಲಿಲ್ಲ. ಈಚೆಗೆ ಅಳತೆ ಕೊಡಲು ಬಂದ ಅವಳ ಚಿಕ್ಕಪ್ಪನ ಮಗಳು ಅವಳ ಇಮೇಲ್ ವಿಳಾಸ ಬರೆದುಕೊಟ್ಟಳು. ರಬಾಬ್ ಎರಡು ಸಲ ಬರೆದಳು. ತಿಂಗಳಾದರೂ ಉತ್ತರವಿಲ್ಲ.

ಮಗಳು ಲುಬ್ನಾ ಅಂಗಡಿಯ ಕಂಪ್ಯೂಟರ್ ಪರದೆಗೆ ಇಣುಕಿ ನಕ್ಕಳು.

“ಅಮ್ಮಾ, ನಿನ್ನ ಕಾಗದ ‘ಉಮ್ ನವ್ರಸ್ ಹೊಲಿಗೆ ಅಂಗಡಿ’ ಅನ್ನೋ ಹೆಸರಲ್ಲಿ ಹೋಗ್ತಿದೆ. ಯಾರೋ ಬಟ್ಟೆ ಮಾರೋರು ಅಂತ ಅವರು ತೆಗೆದೂ ನೋಡಿರಲ್ಲ.”

ಸೆಟ್ಟಿಂಗ್ಸ್ ಒಳಗೆ ಖಾತೆ, ಖಾತೆಯೊಳಗೆ ‘ನಿಮ್ಮ ಹೆಸರು’ ಎಂಬ ಜಾಗ. ಅಲ್ಲಿದ್ದುದನ್ನು ರಬಾಬ್ ಒಂದೊಂದೇ ಅಕ್ಷರವಾಗಿ ಅಳಿಸಿ, ಒಂದೇ ಬೆರಳಿನಲ್ಲಿ ತನ್ನ ಹೆಸರು ಒತ್ತಿದಳು. ಸರಿಯಾಗಿದೆಯಾ ನೋಡು ಅಂದಳು. ನಿನ್ನ ಹೆಸರು ನನ್ನ ಕೇಳ್ತೀಯಲ್ಲಮ್ಮ ಅಂದಳು ಲುಬ್ನಾ. ಉಳಿಸು ಎಂಬ ಗುಂಡಿ ಒತ್ತುವಾಗ, ಯಾರದೋ ಹೆಸರನ್ನು ಕೇಳದೆ ಎತ್ತಿಕೊಂಡಂತೆ ರಬಾಬಳಿಗೆ ಮುಜುಗರವಾಯಿತು. ಆಮೇಲೆ ಮೂರನೆಯ ಸಲ ಬರೆದಳು.

ದಿನಾ ಅಂಗಡಿ ತೆರೆದ ಕೂಡಲೇ ಪತ್ರಗಳ ಸಾಲಿನಲ್ಲಿ ಸುಹೈರ್ ಎಂಬ ಹೆಸರು ಹುಡುಕುವಳು. ಕಾಣದು. ಗಿರಾಕಿಗಳ ಪತ್ರಗಳನ್ನು ಹಾಗೇ ಬಿಟ್ಟು, ಎಂದಿನಂತೆ ಬಿಡುವಾದಾಗ ಲುಬ್ನಾಳಿಂದ ಓದಿಸುವಳು. ಹಬ್ಬದ ಹೊಲಿಗೆಯ ನಡುವೆ ಆ ಬಿಡುವು ಸಿಕ್ಕಿದ್ದು ಹನ್ನೆರಡು ದಿನಗಳ ಮೇಲೆ.

ಉಮ್ ಇಯಾಸ್ ಎಂಬುವವರ ಪತ್ರವನ್ನು ಲುಬ್ನಾ ತೆಗೆದು ಅಮ್ಮನಿಗೆ ಓದಿದಳು. ಅದರಲ್ಲಿ ಅಳತೆ ಇರಲಿಲ್ಲ.

“ರಬಾಬ್, ನಿನ್ನ ಹೆಸರು ನೋಡಿದ ಕೂಡಲೇ ತೆರೆದೆ ಕಣೇ. ಮಗ ಇಯಾಸ್‌ನ ಜೊತೆ ಅಮ್ಮಾನ್‌ಗೆ ಬಂದಿದೀನಿ, ಭಾನುವಾರದವರೆಗೆ ಇರ್ತೀನಿ. ಬಾ. ನನ್ನನ್ನ ಸುಹೈರ್ ಅಂತ ಕರೆಯೋರು ಯಾರೂ ಉಳಿದಿಲ್ಲ.”

ಆ ಭಾನುವಾರ ಕಳೆದು ವಾರವಾಗಿತ್ತು. ಅಮ್ಮಾನ್ ನಗರ ಇರ್ಬಿದ್‌ನಿಂದ ಬಸ್ಸಿನಲ್ಲಿ ಎರಡೇ ಗಂಟೆಯ ದಾರಿ.

ನಾನೂ ಅವಳನ್ನ ಯಾರೋ ಗಿರಾಕಿ ಅಂದುಕೊಂಡುಬಿಟ್ಟೆನಲ್ಲ ಎಂದು ರಬಾಬ್ ಗೊಣಗಿದಳು. ಆಮೇಲೆ, ಬೇರೆಯವರ ಹೆಸರನ್ನು ನಾವು ಬದಲಿಸಬಹುದಾ ಎಂದು ಕೇಳಿದಳು. ನಮ್ಮ ವಿಳಾಸ ಪಟ್ಟಿಯಲ್ಲಿ ಬೇಕಾದರೆ ಬದಲಿಸಬಹುದು, ಅವರಿಗೆ ಗೊತ್ತಾಗಲ್ಲ ಅಂದಳು ಲುಬ್ನಾ.

ರಬಾಬ್ ‘ಉಮ್ ಇಯಾಸ್’ ಎಂಬುದನ್ನು ಅಳಿಸಿ ‘ಸುಹೈರ್’ ಎಂದು ಒತ್ತಿದಳು.

“ಅವರು ಮತ್ತೆ ಈ ಕಡೆ ಬರ್ತಾರಾ ಅಮ್ಮಾ?”

“ಅದನ್ನೇ ಕೇಳಬೇಕು. ಸ್ವಲ್ಪ ಆ ಕಡೆ ಸರಿ, ಬರೀತೀನಿ.”