ಮುರಿದ ಅರ್ಥ್ ಪಿನ್ನು

ಮಹಾದೇವಿ, ನಿನಗೆ ಫಿಟ್ಸ್ ಎಂದೂ ಇರಲಿಲ್ಲ. ಯಾದಗಿರಿಯ ಆ ಮದುವೆಯಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದ ನಿನ್ನನ್ನು ಕೆಡವಿದ್ದು ಕರೆಂಟು. ಆ ಕರೆಂಟನ್ನು ನಿನ್ನ ಮೈಗೆ ಬಿಟ್ಟವನು ನಾನು. ಬಿದ್ದವಳಿಗೆ ರೋಗದ ಹೆಸರು ಹಚ್ಚಿದವನೂ ನಾನೇ. ಹದಿನಾರು ವರ್ಷ — ನೀನು ಅಣ್ಣಾ ಎಂದಾಗಲೆಲ್ಲ ಓ ಎನ್ನುತ್ತ ಬಂದೆ, ಇದೊಂದನ್ನು ಮಾತ್ರ ಬಾಯಿ ಬಿಡಲಿಲ್ಲ.

ಅವತ್ತು ಬೆಳಿಗ್ಗೆಯಿಂದ, ಶಹಾಪುರದಿಂದ ನಾನು ತಂದಿದ್ದ ಸೌಂಡ್ ಸೆಟ್ಟಿನಲ್ಲಿ ಗಿಟಾರಿನ ಆಂಪ್ಲಿಫೈಯರ್ ಗುಂಯ್ ಎನ್ನುತ್ತಲೇ ಇತ್ತು. ವರನ ಸೋದರಮಾವ ಎರಡು ಸಲ ಬಂದು ಬೈದು ಹೋದ. ಮೂರನೇ ಸಲ ಬಂದವನು, "ಏನ್ರಿ ಇದು, ಜೇನುಹುಳ ಎದ್ದಂಗ? ಬಂದ್ ಮಾಡ್ರಿ, ಇಲ್ಲಾಂದ್ರ ಸೆಟ್ ಎತ್ಗೊಂಡು ಶಹಾಪುರಕ್ಕ ನಡೀರಿ" ಅಂದ. ಆ ಸದ್ದು ಯಾಕೆ ಬರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೈಕಿನ ಮಿಕ್ಸರನ್ನು ಒಂದು ಗೋಡೆಯ ಪ್ಲಗ್ಗಿಗೂ ಗಿಟಾರಿನ ಆಂಪ್ಲಿಫೈಯರನ್ನು ಎದುರಿನ ಗೋಡೆಯ ಪ್ಲಗ್ಗಿಗೂ ಹಾಕಿದ್ದೆ. ಎರಡು ಕಡೆಯ ಅರ್ಥ್ ಸೇರಿದಾಗ ಹುಟ್ಟುವ ಸದ್ದು ಅದು; ಎರಡನ್ನೂ ಒಂದೇ ಬೋರ್ಡಿಗೆ ಹಾಕಿದ್ದರೆ ಇಳಿಯುತ್ತಿತ್ತು. ಉದ್ದ ವೈರಿನ ಬೋರ್ಡು ಕೆಳಗೆ ಟೆಂಪೋದಲ್ಲೇ ಇತ್ತು. ಇಳಿದು ಹೋಗಿ ತರಬೇಕಲ್ಲ ಎಂಬ ಬೇಸರ — ಅಷ್ಟೇ, ಮಹಾದೇವಿ, ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. ಕಟಿಂಗ್ ಪ್ಲೇಯರ್ ತೆಗೆದುಕೊಂಡು ಆಂಪ್ಲಿಫೈಯರಿನ ಪ್ಲಗ್ಗಿನ ದಪ್ಪ ಪಿನ್ನು, ಅರ್ಥ್ ಪಿನ್ನು, ಮುರಿದು ಜೇಬಿಗೆ ಹಾಕಿಕೊಂಡೆ. ಸದ್ದು ನಿಂತಿತು. ಸೋದರಮಾವ ದೂರದಿಂದಲೇ ಶಭಾಶ್ ಎಂದು ಕೈ ಎತ್ತಿದ.

ಆ ಹಳೇ ಆಂಪ್ಲಿಫೈಯರಿನಲ್ಲಿ ಮೊದಲಿನಿಂದ ಲೀಕೇಜ್ ಇತ್ತು. ಒಳಗಿನ ಕರೆಂಟನ್ನು ನೆಲಕ್ಕೆ ಇಳಿಸುವುದೇ ಆ ಪಿನ್ನಿನ ಕೆಲಸ. ಅದನ್ನೇ ಮುರಿದ ಮೇಲೆ ಕರೆಂಟು ಕೇಬಲಿನ ಗುಂಟ ನಿನ್ನ ಗಿಟಾರಿನ ತಂತಿಗೆ ಬಂದು ಕೂತಿತು. ನೀನು ಎಡಗೈಯಿಂದ ತಂತಿ ಒತ್ತಿ ಹಾಡಲು ಬಾಗಿದೆ. ತುಟಿ ಮೈಕಿಗೆ ತಾಗಿತು; ಮೈಕಿಗೆ ಮಿಕ್ಸರಿನ ಅರ್ಥ್ ಇತ್ತು, ಕರೆಂಟು ನಿನ್ನ ಮೈಯೊಳಗಿಂದ ಹಾದು ಅಲ್ಲಿಗೆ ಇಳಿಯಿತು. ಹಲ್ಲು ಕಚ್ಚಿಕೊಂಡು, ಗಿಟಾರ್ ಸಮೇತ —

ನಾನು ಮೊದಲು ಓಡಿದ್ದು ನಿನ್ನ ಕಡೆಗಲ್ಲ, ಪ್ಲಗ್ಗಿನ ಕಡೆಗೆ. ಕಿತ್ತು ಕೈಯಲ್ಲಿ ಮುಚ್ಚಿ ಹಿಡಿದುಕೊಂಡೆ. ಅಷ್ಟರಲ್ಲಿ ಯಾರೋ "ಫಿಟ್ಸ್ ಬಂದಾವ, ಕಬ್ಬಿಣ ಕೊಡ್ರಿ ಕೈಗೆ!" ಎಂದು ಕೂಗಿದರು. ಒಬ್ಬರು ಕೀಲಿಕೈ ಗೊಂಚಲನ್ನು ನಿನ್ನ ಮುಷ್ಟಿಯೊಳಗೆ ತುರುಕಿದರು, ಇನ್ನೊಬ್ಬರು ಅಡುಗೆಮನೆಯಿಂದ ಉಳ್ಳಾಗಡ್ಡಿ ಒಡೆದು ತಂದು ಮೂಗಿಗೆ ಹಿಡಿದರು. ಸೋದರಮಾವ ನನ್ನ ಕಡೆ ತಿರುಗಿ, "ಈ ಹುಡುಗಿಗಿ ಮೊದ್ಲಿಂದ ಅದ ಏನು ಇದು?" ಎಂದು ಕೇಳಿದ.

"ಹೌದ್ರಿ," ಅಂದೆ. "ಹಿಂದ ಸುರಪುರದಾಗೂ ಒಮ್ಮಿ ಬಂದಿತ್ತು."

ನನ್ನ ಸೆಟ್ಟಿನಿಂದ ಕರೆಂಟು ಹೊಡೆಯಿತು ಎಂದು ಮಂದಿಗೆ ಗೊತ್ತಾದರೆ ನಾಳೆಯಿಂದ ಯಾರು ಕರೆಯುತ್ತಾರೆ — ತಲೆಯಲ್ಲಿ ಇದ್ದದ್ದು ಇಷ್ಟೇ. ನೀನು ಕಣ್ಣು ಬಿಟ್ಟು, "ಅಣ್ಣಾ, ಕರೆಂಟ್ ಹೊಡದಂಗ ಆತು" ಅಂದೆ. ಎಂಥ ಪಾಪಿ ನಾನು! ಪ್ಲಗ್ ಕಿತ್ತದ್ದು ಗೊತ್ತಿದ್ದೂ ಎಲ್ಲರೆದುರು ಟೆಸ್ಟರನ್ನು ತಂತಿಗೆ ಹಚ್ಚಿ ತೋರಿಸಿದೆ. ದೀಪ ಹತ್ತಲಿಲ್ಲ. "ನೋಡವ್ವಾ, ಎಲ್ಲದ ಕರೆಂಟು?" ಸುರಪುರದಲ್ಲಿ ಏನೂ ಆಗಿರಲಿಲ್ಲವಲ್ಲ ಎಂದು ನೀನು ಅಂದಾಗ, "ಬಿದ್ದವರಿಗಿ ನೆನಪಿರಂಗಿಲ್ಲ ತಂಗಿ" ಅಂದೆ. ನೀನು ನನ್ನ ಮುಖ ನೋಡಿದೆ. ನಂಬಿದೆ.

ಮುಂದಿನದು ನನಗಿಂತ ನಿನಗೇ ಹೆಚ್ಚು ಗೊತ್ತು. ಡಾಕ್ಟರು ಕೇಳಿದ್ದಕ್ಕೆ ನಿನ್ನ ಅವ್ವ ನನ್ನ ಮಾತನ್ನೇ ಹೇಳಿದಳು. ನಾಲ್ಕು ವರ್ಷ ಗುಳಿಗೆ ನುಂಗಿದೆ. ಗುಳಿಗೆಯ ಮಂಪರಿಗೆ ಬೆರಳು ಓಡುವುದಿಲ್ಲ ಎಂದು ಅತ್ತೆ. ಗೊತ್ತಾಗಿದ್ದ ಸಂಬಂಧ ಮುರಿಯಿತು. ಗಿಟಾರ್ ಅಟ್ಟಕ್ಕೆ ಹೋಯಿತು. ನಾನು? ಆ ಮದುವೆಯ ಮರುವರ್ಷವೇ ವೈರ್‌ಲೆಸ್ ಸೆಟ್ ತಂದೆ. ಗಿಟಾರಿಗೆ ಒಂದು ಸಣ್ಣ ಡಬ್ಬಿ, ಆಂಪ್ಲಿಫೈಯರಿಗೆ ಒಂದು, ನಡುವೆ ಕೇಬಲ್ಲೇ ಇಲ್ಲ. ಗುಂಯ್ ಸದ್ದಿನ ಕಾಟ ತಪ್ಪಿಸಲು ಎಂದು ಊರಿಗೆಲ್ಲ ಹೇಳಿದೆ. ಸದ್ದೂ ಕಡಿಮೆಯಾಯಿತು ಅನ್ನು. ನಿಜ ಅದಲ್ಲ. ಕೇಬಲ್ ಇಲ್ಲದಿದ್ದರೆ ಆಂಪ್ಲಿಫೈಯರಿನ ಕರೆಂಟು ಹಿಡಿದವರ ಕೈಗೆ ಬರುವುದಿಲ್ಲ. ಇನ್ನೊಬ್ಬರು ಬಿದ್ದರೆ ನನ್ನ ಸುಳ್ಳು ಬಯಲಾಗುತ್ತದೆ ಎಂಬ ಪುಕ್ಕಲುತನ. "ಏನ್ ಕ್ಲಿಯರ್ ಸೌಂಡ್ ಅಣ್ಣಾ!" ಅನ್ನುತ್ತಿದ್ದರು. ನಾನು ನಾಚಿಕೆಯಿಲ್ಲದೆ ನಗುತ್ತಿದ್ದೆ.

ಹೀಗೇ ನಗುತ್ತ ಸಾಯುತ್ತಿದ್ದೆನೇನೋ. ಮೊನ್ನೆ ಸೋಮವಾರ ನೀನು ಮಗಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದೆ. ಅಕ್ಷತಾ ವೈರ್‌ಲೆಸ್ಸಿನ ಆ ಸಣ್ಣ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನೀನು ತಗ್ಗಿದ ದನಿಯಲ್ಲಿ, "ಗಿಟಾರ್ ಬೇಕಂತ ಹಠ ಮಾಡಾಕತ್ತಾಳಣ್ಣ. ನನ್ನ ರೋಗ ಈಕಿಗೂ ಬಂದಿದ್ರ? ಸ್ಟೇಜಿನ ಮ್ಯಾಲ ಬಿದ್ರ? ನೀನರ ಬ್ಯಾಡಂತ ಹೇಳು, ನೀ ಹೇಳಿದ್ರ ಕೇಳ್ತಾಳ" ಅಂದೆ. ಮಾತಾಡುತ್ತ ಬ್ಯಾಗಿನಿಂದ ಕರ್ಚೀಫು ತೆಗೆದೆಯಲ್ಲ, ಅದರ ಜೊತೆ ಒಂದು ಹಳೇ ಕೀಲಿಕೈ ಕೆಳಗೆ ಬಿತ್ತು. ಯಾವ ಬೀಗದ್ದು ಎಂದು ಕೇಳಿದೆ. "ಯಾ ಬೀಗದ್ದೂ ಅಲ್ಲಣ್ಣ. ಬಂದ್ರ ಕೈಯಾಗ ಹಿಡಕೊಳ್ಳಾಕ" ಅಂದೆ.

ಅಲ್ಲೇ ಹೇಳಬೇಕಿತ್ತು. "ನೋಡೋಣು ತಗೋ" ಎಂದು ಕಳಿಸಿದೆ. ಹದಿನಾರು ವರ್ಷದ ಮೇಲೆ ಮತ್ತೊಮ್ಮೆ.

ಹೊಟ್ಟೆಪಾಡು, ಗಾಬರಿ, ವಯಸ್ಸು ಅಂತೆಲ್ಲ ಬರೆದು ಹೊಡೆದು ಹಾಕಿದ್ದೇನೆ. ಕ್ಷಮಿಸು ಎಂಬುದನ್ನೂ ಬರೆದು ಹೊಡೆದೆ — ಅದನ್ನು ನಿನ್ನಿಂದ ಕೇಳುವ ಮುಖ ನನಗಿಲ್ಲ. ಭಾನುವಾರ ಬೆಳಿಗ್ಗೆ ಸುರಪುರಕ್ಕೆ, ನಿನ್ನ ಮನೆಗೆ ಬರುತ್ತೇನೆ. ನಿನ್ನ ಗಂಡ, ನಿನ್ನ ಅವ್ವ ಇಬ್ಬರೂ ಮನೆಯಲ್ಲಿರಲಿ. ಎಸೆಯಲು ಕೈ ಬಾರದೆ ಅಂಗಡಿಯ ಡ್ರಾದಲ್ಲಿ ಇಟ್ಟುಕೊಂಡ ಆ ಪಿನ್ನನ್ನೂ ತರುತ್ತೇನೆ. ಅವರೆದುರು ಇದನ್ನೇ ಬಾಯಿಂದ ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಓಣಿಯಲ್ಲಿ ನಿಂತೇ ಹೇಳುತ್ತೇನೆ, ಕೇಳುವವರೆಲ್ಲ ಕೇಳಲಿ.

ಆದರೆ ನೀನು ಭಾನುವಾರದವರೆಗೆ ಕಾಯಬೇಡ. ಇದನ್ನು ಓದಿದ ಕೂಡಲೇ ಮಗಳನ್ನು ಕರೆದು ಅಟ್ಟದ ಮೇಲಿನ ಗಿಟಾರ್ ಇಳಿಸು. ಆಕೆಗೆ ಏನೂ ಇಲ್ಲ, ಮಹಾದೇವಿ. ನಿನಗೂ ಏನೂ ಇರಲಿಲ್ಲ.