ಸುಶೀಲಾ ಅಕ್ಕೋರ ನೆಲ ತೊಳೆದವನು ನಾನೇ

ನನಗೆ ಬರೆಯಲು ಹಚ್ಚಬೇಡಿ ಎಂದು ಹೇಳಿದೆ. ಕೇಳಲಿಲ್ಲ.
"ಕಾಕಾ, ಅಕ್ಕೋರ ಬಾಜೂ ಮನಿಯವ್ರು ನೀವು. ಅಕ್ಕೋರ ಗ್ರೂಪಿನ್ಯಾಗ ನೀವ ಬರೀಬೇಕು" ಎಂದು ಹುಡುಗಿಯರು ಮೊಬೈಲ್ ಕೈಗೆ ತುರುಕಿ ಹೋದರು.
ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ಟೆಂಪೋ ಡ್ರೈವರ್ ನಾನು.
ತಪ್ಪಿದ್ದರೆ ತಿದ್ದಿಕೊಂಡು ಓದಿ.

ಸುಶೀಲಾ ಅಕ್ಕೋರು ಇಲ್ಲವಂತೆ...
ಅಂತೆ ಏನು, ನಾನೇ ಹೆಗಲು ಕೊಟ್ಟು ಬಂದಿದ್ದೇನೆ.
ಆದರೂ ನಂಬಿಕೆ ಬರುತ್ತಿಲ್ಲ.
ಬೆಳಿಗ್ಗೆ ಗೋಡೆಯಾಚೆ ಕೆಮ್ಮಿದ್ದು ಕೇಳಿತ್ತು. ಹಾಲಿನವಳು ಕೂಗಿದಾಗ ಉತ್ತರ ಇರಲಿಲ್ಲ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಗೋಕಾಕದ ತಮ್ಮ ಪಡಸಾಲೆಯಲ್ಲಿ ಅಕ್ಕೋರು ಪ್ರತಿ ರವಿವಾರ ದೊಡ್ಡ ಗಣಿತದ ಕ್ಲಾಸು ನಡೆಸುತ್ತಿದ್ದರು.
ನಾಗನೂರು, ಮೂಡಲಗಿ ಕಡೆಯ ಮಸಗುಪ್ಪಿ... ಅಲ್ಲಿನ ಕೂಲಿಯವರ ಹೆಣ್ಣುಮಕ್ಕಳನ್ನು ನಾನು ಟೆಂಪೋದಲ್ಲಿ ತರುತ್ತಿದ್ದೆ.
ಹುಕ್ಕೇರಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ರಾಜೇಸಾಬನ ಮಗಳು ರೇಷ್ಮಾ ಬಸ್ಸಿಗೆ ಬರುತ್ತಿದ್ದಳು.
ಇವರ ಮನೆಗಳಲ್ಲಿ ಕಾಲೇಜಿನ ಗಣಿತ ಕಂಡವರೇ ಇಲ್ಲ.
ಅಕ್ಕೋರು ಒಂದೊಂದು ಹೊಸ್ತಿಲಿಗೂ ಹೋಗಿ ಮಾತು ಕೊಟ್ಟಿದ್ದರು: "ಅಕಿ ತಲಿ ಛಲೋ ಐತಿ. ಕಳಸ್ರಿ, ಜವಾಬ್ದಾರಿ ನಂದು."

ಒಮ್ಮೆ ಇಣುಕಿ ನೋಡಿ ಕೇಳಿದೆ, "ಒಂದೂ ಅಂಕಿ ಇಲ್ಲಲ್ರೀ, ಇದೆಂಥಾ ಲೆಕ್ಕ?"
"ನಿಮ್ಮ ಟೆಂಪೋಕ್ಕ ಬ್ರೇಕ್ ಇಲ್ಲ. ಆದ್ರೂ ಗಾಡಿ ಅಂತೀರಲ್ಲ!"
ಹುಡುಗಿಯರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಇವತ್ತು ಆ ನಗು ಬೇಕಾಗಿದೆ...

ಪಡಸಾಲೆಯ ನೆಲಕ್ಕೆ ಕಪ್ಪು ಕಡಪ ಕಲ್ಲು. ಅದೇ ಬೋರ್ಡು.
ಹುಡುಗಿ ಅಲ್ಲಿ ಚಾಕ್‌ನಿಂದ ಪ್ರೂಫ್ ಬರೆಯಬೇಕು. ಒಂದೊಂದು ಸಾಲಿಗೂ ಅಕ್ಕೋರು "ಯಾಕ?" ಎನ್ನುತ್ತಿದ್ದರು.
ಎಲ್ಲದಕ್ಕೂ ಉತ್ತರ ಹೇಳುವ ತನಕ ವಹಿಗೆ, ಅಂದರೆ ನೋಟ್‌ಬುಕ್ಕಿಗೆ, ಇಳಿಸುವಂತಿಲ್ಲ.
ತಡವರಿಸಿದರೆ ಬರೆದದ್ದು ಮುಂದಿನ ರವಿವಾರದ ತನಕ ಕಲ್ಲಿನ ಮೇಲೆಯೇ ಇರಬೇಕು.

ಅಕ್ಕೋರೇ...
ನೀವು ವಾರಗಟ್ಟಲೆ ರೇಷ್ಮಾ ಬರೆದಿಟ್ಟ ಆ ಮೂಲೆಯನ್ನು ತುಳಿಯದೆ ಸುತ್ತು ಹಾಕಿ ಓಡಾಡಿದಿರಿ.
ಕಸಬರಿಗೆ ಕೂಡ ತಾಗಿಸಲಿಲ್ಲ.
ನನಗೆ ಗೊತ್ತಿತ್ತು. ಗೊತ್ತಿದ್ದೂ...
ನಿಮ್ಮನ್ನು ಎತ್ತಿದ ಮೇಲೆ ಮನೆ ತೊಳೆಯಬೇಕಲ್ಲ, ರೂಢಿಯಲ್ಲವೇ?
ಗಡಿಬಿಡಿಯಲ್ಲಿ ಮೊದಲ ಕೊಡ ನೀರು ಸುರಿದವನು ನಾನೇ.
ಬೆಳ್ಳಗೆ ಹರಿದು ಹೋಯಿತು, ಬಚ್ಚಲಿಗೆ.
ಅದು ಏನೆಂದು ಆಗಲೂ ಹೊಳೆಯಲಿಲ್ಲ ನನಗೆ.
ತಪ್ಪಾಯಿತು ಅಕ್ಕೋರೇ...

ಸಂಜೆ ರೇಷ್ಮಾ ಅಪ್ಪನ ಜೊತೆ ಬಂದಳು. ಒದ್ದೆ ನೆಲ ನೋಡುತ್ತ ನಿಂತಳು. ಅಳಲಿಲ್ಲ.
"ಮ್ಯಾಲಿನ ಸಾಲು ಎಲ್ಲಾ ನೆನಪ ಅದಾವ ಕಾಕಾ. ಕಡೀ ಸಾಲಿಗೆ ಅಕ್ಕೋರು 'ಯಾಕ?' ಅಂದಿದ್ರು. ನಾ ಇನ್ನೂ ಹೇಳಿದ್ದಿಲ್ಲ."
ಮುಂದಿನ ತಿಂಗಳು ಎಂಎಸ್ಸಿ ಇಂಟರ್‌ವ್ಯೂ. ಅಲ್ಲಿ ಅವಳು ಆ ಪ್ರೂಫನ್ನೇ ಮಾಡಿ ತೋರಿಸಬೇಕು.

ರಾಜೇಸಾಬ ಚಪ್ಪಲಿ ಮೆಟ್ಟುತ್ತ ಹೇಳಿದ, "ಜವಾಬ್ದಾರಿ ತಗೊಂಡಾವ್ರು ಅಕ್ಕೋರು. ಅವ್ರು ಹ್ವಾದ್ರು, ಮಾತೂ ಮುಗೀತು. ಇನ್ನ ಹುಡುಗಿ ಮನ್ಯಾಗ ಇರ್ಲಿ."
ನನ್ನ ಬಾಯಿ ಸುಮ್ಮನಿರುವ ಬಾಯಿಯಲ್ಲ.
"ಏ ರಾಜ್ಯಾ! ಕಲಿಸಾವ್ರು ಬರ್ತಾರ! ಈ ರವಿವಾರನ ಬರ್ತಾರ!"
"ಯಾರು?"
"ಬರ್ತಾರ ಅಂದ್ನೆಲ್ಲ!"
"ಬಂದ್ರ ಕಳಸ್ತೇನಿ. ಬರ್ಲಿಲ್ಲಂದ್ರ ಮತ್ತ ಕೇಳಬ್ಯಾಡ್ರಿ."

ಯಾರು ಬರುತ್ತಾರೆ? ನನಗೇನು ಗೊತ್ತು...
ಘಾಟಿಯಲ್ಲಿ ಖರೇನೇ ಬ್ರೇಕ್ ಹೋದಾಗಲೂ ಇಷ್ಟು ಹೆದರಿರಲಿಲ್ಲ.
ರೇಷ್ಮಾ ಕ್ಲಾಸು ಬಿಟ್ಟರೆ ನಾಗನೂರಿನವರೂ ತಮ್ಮ ಹುಡುಗಿಯರನ್ನು ನಿಲ್ಲಿಸುತ್ತಾರೆ. ಆಮೇಲೆ ಮಸಗುಪ್ಪಿ...
ಕಡೆಗೆ ನನ್ನ ಟೆಂಪೋ ಖಾಲಿ.

ಈ ಗ್ರೂಪಿನಲ್ಲಿ ಅಕ್ಕೋರ ಕೈಯಲ್ಲಿ ಕಲಿತ ಲೆಕ್ಚರರ್‌ಗಳು ಎಷ್ಟು ಮಂದಿ ಇದ್ದೀರಿ!
ಬೆಳಗಿನಿಂದ ಕೈಮುಗಿದ ಚಿತ್ರ, ಹೂವಿನ ಚಿತ್ರ... ಸಾಕು ಮಾಡಿ.

ಅಕ್ಕೋರೇ, ಇನ್ನು ಯಾರ ಹೊಸ್ತಿಲಿಗೂ ಅಲೆಯುವುದು ಬೇಡ. ನಿಮ್ಮ ಜೀವ ತಣ್ಣಗಿರಲಿ...

ಉಳಿದವರಿಗೆ ಒಂದೇ ಮಾತು.
ರವಿವಾರ ಬೆಳಿಗ್ಗೆ ಆ ಕಲ್ಲಿನ ಮುಂದೆ ಕುಳಿತು ರೇಷ್ಮಾಳಿಗೆ "ಯಾಕ?" ಎಂದು ಕೇಳುವವರು ಯಾರು?
ಶನಿವಾರ ಮಧ್ಯಾಹ್ನದೊಳಗೆ ನನಗೆ ಹೆಸರು ಬೇಕು.